ಕೂದಲೆಳೆಯಷ್ಟು ಸಡಿಲ

ಆ ಬೀದಿಯಲ್ಲಿ ಅವಳಿಗೆ ಕತ್ತರಿಯಮ್ಮ ಎಂದೇ ಹೆಸರು. ಕೊರಳಲ್ಲಿ ಕಪ್ಪು ದಾರಕ್ಕೆ ನೇತುಬಿದ್ದ ಪುಟ್ಟ ಕತ್ತರಿ ಒಂದು, ಬಾಯೊಳಗೆ ಇನ್ನೊಂದು. ಮೊದಲನೆಯದಕ್ಕೆ ಆಗಾಗ ಸಾಣೆ ಹಿಡಿಸಬೇಕಾಗುತ್ತಿತ್ತು, ಎರಡನೆಯದಕ್ಕೆ ಆ ತಾಪತ್ರಯವಿರಲಿಲ್ಲ. ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ತುಂಬ ಶಾಲೆಗಳ ಯೂನಿಫಾರ್ಮು. ನೀಲಿ, ಬೂದು, ಮತ್ತೆ ನೀಲಿ. ದೊಡ್ಡವರ ಬಟ್ಟೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ದೊಡ್ಡವರು ಅಗಲಕ್ಕೆ ಬೆಳೆಯುತ್ತಾರೆ, ಬೈಗುಳ ಮಾತ್ರ ಟೈಲರಿಗೆ ಎನ್ನುವುದು ಅವಳ ತಕರಾರು.

ಮಕ್ಕಳ ಬಟ್ಟೆ ಹೊಲಿಯುವುದಕ್ಕೆ ಅವಳಲ್ಲಿ ಒಂದೇ ಒಂದು ಸೂತ್ರವಿತ್ತು, ಅವಳ ಅಪ್ಪ ಕೊಟ್ಟದ್ದು. ಇವತ್ತಿನ ಮೈಗೆ ಹೊಲಿಯಬಾರದು, ನಾಳೆ ಬರುವ ಮೈಗೆ ಹೊಲಿಯಬೇಕು. ಅಂಚಿನಲ್ಲಿ ನಾಲ್ಕು ಬೆರಳು ಒಳಮಡಿಕೆ, ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ. ಮಗು ಬೆಳೆದಂತೆ ಬಿಚ್ಚುತ್ತ ಹೋಗುವುದು. "ಅಳತೆಗೆ ಸರಿಯಾಗಿ ಯಾರು ಬೇಕಾದ್ರೂ ಹೊಲೀತಾರೆ, ಬಿಟ್ಟು ಹೊಲಿಯೋದೇ ವಿದ್ಯೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳ ಹೊಟ್ಟೆ ಹೊರೆದದ್ದು ಈ ಸೂತ್ರ, ಅವಳನ್ನು ಕೆಡವಿದ್ದೂ ಇದೇ.

ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ತಂಗಿ ತೀರಿಕೊಂಡಾಗ ತಂಗಿಯ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವತ್ತೇ ಆ ಮಗು, ಪುಟ್ಟಿ, ಮೆಟ್ಟಿಲ ಕೆಳಗಿನ ಕೋಣೆಗೆ ಬಂತು. ಇಸ್ತ್ರಿ ಮೇಜಿನ ಮೇಲೆ, ಬಟ್ಟೆಯ ಥಾನುಗಳ ನಡುವೆ ಮಲಗಿ ದೊಡ್ಡದಾಯಿತು. ಪುಟ್ಟಿಯ ಶಾಲೆಯ ಲಂಗವನ್ನು ದೊಡ್ಡಮ್ಮ ಪ್ರತಿ ವರ್ಷ ಬಿಚ್ಚಿ ಇಳಿಸುತ್ತಿದ್ದಳು. ಬಿಸಿಲು ಕಾಣದ ಹಳೆಯ ಮಡಿಕೆ ಕಡುನೀಲಿಯಾಗಿಯೇ ಉಳಿದು, ಲಂಗದ ಸುತ್ತ ವರ್ಷಕ್ಕೊಂದು ಗೆರೆ ಮೂಡುತ್ತಿತ್ತು. ತರಗತಿಯ ಮಕ್ಕಳು ಅವಳನ್ನು "ಗೆರೆಲಂಗ" ಎಂದು ಕರೆಯುತ್ತಿದ್ದರು. ಪುಟ್ಟಿ ಅದನ್ನು ಮನೆಯಲ್ಲಿ ಹೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಊರಾಚೆಯ ಜೌಗಿಗೆ ಹೋಗಿ ಜೊಂಡಿನೊಳಗೆ ಒಬ್ಬಳೇ ಕೂರುತ್ತಿದ್ದಳು. ಅಲ್ಲಿ ಅವಳಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. ಈಗ ಓದಿ ಮುಗಿಸಿ, ಅದೇ ಜೌಗಿನ ಹಕ್ಕಿಯೊಂದರ ಹಿಂದೆ ಬಿದ್ದಿದ್ದಳು.

ಅದಕ್ಕೆ ದೋಣಿಯವರು ಇಟ್ಟ ಹೆಸರು ಜೊಂಡುಗಳ್ಳ. ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣದು, ಒಣ ಜೊಂಡಿನದೇ ಬಣ್ಣ. ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಬೇಸಿಗೆಗೆ ಬಂದು ಗೂಡು ಕಟ್ಟಿ, ಮರಿ ಮಾಡಿ, ಚಳಿ ಶುರುವಾಗುವ ಮೊದಲೇ ಹೇಳದೆ ಕೇಳದೆ ಹೋಗಿಬಿಡುತ್ತದೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಇಷ್ಟು ದಪ್ಪದ ಹಕ್ಕಿ ಪುಸ್ತಕದಲ್ಲಿ ಅದರ ಪಾಲಿಗೆ ಒಂದೂವರೆ ಸಾಲು, ಆ ಅರ್ಧ ಸಾಲಿನಲ್ಲಿ "ತಿಳಿದುಬಂದಿಲ್ಲ" ಎಂದಿತ್ತು. ಜೌಗನ್ನು ವರ್ಷವರ್ಷ ಮಣ್ಣು ಹಾಕಿ ತುಂಬುತ್ತಿದ್ದರು. ಹಕ್ಕಿ ಹೋಗುವ ಜಾಗ ಎಲ್ಲಿ, ಅಲ್ಲಾದರೂ ಜೌಗು ಉಳಿದಿದೆಯೇ ಎಂದು ತಿಳಿಯದಿದ್ದರೆ, ಕಳ್ಳ ಒಂದು ವರ್ಷ ಹೋದವನು ಹೋದನೇ.

ಇದಕ್ಕೆ ಪುಟ್ಟಿ ತಂದದ್ದು ಬಟಾಣಿಗಿಂತ ಚಿಕ್ಕದಾದ ಒಂದು ಯಂತ್ರ. ಹಕ್ಕಿಯ ಬೆನ್ನ ಮೇಲೆ ಕೂತು ಪ್ರತಿದಿನ ಬೆಳಕು ಯಾವಾಗ ಹರಿಯಿತು, ಯಾವಾಗ ಮುಗಿಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ಅದರಿಂದ ಹಕ್ಕಿ ಭೂಮಿಯ ಯಾವ ಕಡೆಯಲ್ಲಿತ್ತು ಎಂದು ಲೆಕ್ಕ ಹಾಕಬಹುದು. ಆದರೆ ಯಂತ್ರ ಎಲ್ಲಿಂದಲೂ ಸುದ್ದಿ ಕಳಿಸುವುದಿಲ್ಲ. ಮುಂದಿನ ಬೇಸಿಗೆ ಅದೇ ಹಕ್ಕಿ ಬದುಕಿ ಬರಬೇಕು, ಅದನ್ನೇ ಮತ್ತೆ ಹಿಡಿಯಬೇಕು.

"ಚೆನ್ನಾಗಿದೆ" ಎಂದಿದ್ದಳು ಕತ್ತರಿಯಮ್ಮ. "ಅಂಚೆಯವನ ಹೊಟ್ಟೇಲೇ ಕಾಗದ. ಅವನು ಮನೆಗೆ ವಾಪಸ್ ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಯಂತ್ರ ಬೆನ್ನ ಮೇಲೆ ನಿಲ್ಲಬೇಕಾದರೆ ಎರಡು ಕುಣಿಕೆ ಬೇಕು, ಒಂದೊಂದು ತೊಡೆಯ ಬುಡಕ್ಕೆ ಒಂದೊಂದು. ಪುಟ್ಟಿಯ ಬೆರಳಿಗೆ ಅಷ್ಟು ಸಣ್ಣ ಗಂಟು ಬಗ್ಗಲಿಲ್ಲ. ದೊಡ್ಡಮ್ಮನ ಬೆರಳು ಅದಕ್ಕೇ ಹುಟ್ಟಿದಂತಿತ್ತು. ಪುಟ್ಟಿ ಅಳತೆ ಕೊಟ್ಟಳು. ಕತ್ತರಿಯಮ್ಮ ಒಂದು ಮರದ ಹಲಗೆಗೆ ಎರಡು ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಎಳೆ ಸುತ್ತಿ, ಕೊನೆಯ ಗಂಟು ಬೀಳಬೇಕಾದ ಕಡೆ ಗುರುತು ಹಾಕಿ, ಎಲ್ಲ ಕುಣಿಕೆಗಳನ್ನೂ ಅಚ್ಚು ಹಾಕಿದ ಹಾಗೆ ಹೊಲಿದಳು. ಯೂನಿಫಾರ್ಮಿನ ರಾಶಿಯ ನಡುವೆ ಹಕ್ಕಿಗಳ ಯೂನಿಫಾರ್ಮೂ ತಯಾರಾಯಿತು.

ಕಳೆದ ಸಲ ಹಕ್ಕಿಗಳು ಹೊರಡುವ ಮುಂಚೆ ಇಬ್ಬರೂ ಜೌಗಿಗೆ ಹೋಗಿ ಕಟ್ಟಿದರು. ಪುಟ್ಟಿ ಬಲೆಯಿಂದ ಬಿಡಿಸಿ ಕೊಡುವುದು, ದೊಡ್ಡಮ್ಮ ಕಟ್ಟಿ, ಗಂಟಿಗೆ ಒಂದು ತೊಟ್ಟು ಅಂಟು ಮುಟ್ಟಿಸುವುದು. ಒಂದೊಂದು ಹಕ್ಕಿಯ ಕಾಲಿಗೆ ಒಂದೊಂದು ಬಣ್ಣದ ಉಂಗುರ. ಕೊನೆಯದಾಗಿ ಬಂದದ್ದು ಎಲ್ಲಕ್ಕಿಂತ ಚಿಕ್ಕದು. ಅದರ ಎದೆ ಅವಳ ಬೆರಳಿಗೆ ಪಟಪಟ ಹೊಡೆಯುತ್ತಿತ್ತು.

"ಎಷ್ಟು ಬಡಕಲು ಕಣೇ ಇದು."

"ಈಗ ಹಾಗಿರುತ್ತೆ" ಎಂದಳು ಪುಟ್ಟಿ, ಇನ್ನೊಂದು ಬಲೆಯ ಕಡೆ ನಡೆಯುತ್ತ. "ಹೊರಡೋ ಮುಂಚೆ ತಿಂದೂ ತಿಂದೂ ಮೈ ಎರಡರಷ್ಟಾಗುತ್ತೆ ನೋಡು."

ಎರಡರಷ್ಟು! ಆ ಮಾತು ಟೈಲರಿನ ಕಿವಿಗೆ ಬಿದ್ದಮೇಲೆ ಕೈ ಸುಮ್ಮನಿರುತ್ತದೆಯೇ? ಇಷ್ಟು ಬಿಗಿ ಕಟ್ಟಿ ಕಳಿಸಿದರೆ ಈ ಮಗು ದಾರಿಯಲ್ಲಿ ಮೈ ತುಂಬಿಕೊಂಡಾಗ ಏನು ಗತಿ? ಪುಟ್ಟಿ ಬೆನ್ನು ತಿರುಗಿಸಿದ್ದಳು. ಕತ್ತರಿಯಮ್ಮ ಗಂಟನ್ನು ಬಿಚ್ಚಿ, ಕೂದಲೆಳೆಯಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದಳು. ಹಳದಿ ಉಂಗುರ ಹಾಕಿ ಹಾರಿಬಿಟ್ಟಳು. ಹೇಳುವಂಥ ದೊಡ್ಡ ವಿಷಯ ಅಂತ ಅವಳಿಗೆ ಆಗ ಅನ್ನಿಸಲೇ ಇಲ್ಲ.

ಅನ್ನಿಸಿದ್ದು ಚಳಿಗಾಲದಲ್ಲಿ. ಒಂದು ಸಂಜೆ ಪುಟ್ಟಿ ಇಸ್ತ್ರಿ ಮೇಜಿನ ಮೇಲೆ ಕೂತು ಏನೋ ಓದುತ್ತ, ಬೇರೆ ಯಾವುದೋ ಕಡೆ ಕುಣಿಕೆ ಸಡಿಲಾಗಿ ಹಕ್ಕಿಗಳು ಸತ್ತ ಕಥೆ ಹೇಳಿದಳು. "ಬಿಗಿಯಾದ್ರೂ ಕಷ್ಟ, ಸಡಿಲಾದ್ರೆ ಇನ್ನೂ ಕಷ್ಟ. ಯಂತ್ರ ಜಾರಿ ಹೊಟ್ಟೆ ಕೆಳಗೆ ಬರುತ್ತೆ. ಕಾಲು ಸಿಕ್ಕಿಹಾಕ್ಕೊಳ್ಳುತ್ತೆ. ಸದ್ಯ, ನಮ್ಮದು ಎಲ್ಲಾ ಮೊಳೆ ಅಳತೆ."

"ಮೈ ದಪ್ಪ ಆಗುತ್ತೆ ಅಂದೆಯಲ್ಲ?"

"ಕೊಬ್ಬು ಕೂರೋದು ಎದೆಗೆ, ಹೊಟ್ಟೆಗೆ. ತೊಡೆ ಬುಡಕ್ಕೆ ಎಷ್ಟು ಬೇಕೋ ಅಷ್ಟನ್ನ ಅಳತೇಲೇ ಸೇರಿಸಿದ್ದೀನಿ, ದೊಡ್ಡಮ್ಮ. ನಾನೇನು ಸುಮ್ಮನೆ ಕೊಟ್ಟಿದ್ದೀನಾ ಅಳತೆ?"

ಹೊಲಿಗೆ ಯಂತ್ರ ತುಳಿಯುತ್ತಿದ್ದ ಕಾಲು ಅಲ್ಲೇ ನಿಂತಿತು. ಕತ್ತರಿಯಮ್ಮನ ನಾಲಿಗೆ, ಆ ಹರಿತವಾದ ನಾಲಿಗೆ, ಬಾಯೊಳಗೆ ಮುದುಡಿ ಕೂತಿತು. ಬಿಸಿತುಪ್ಪ ಬಾಯಿಗೆ ಬಿದ್ದವರ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಚಳಿಗಾಲವಿಡೀ ಅವಳು ಬಟ್ಟೆ ಹೊಲಿದಳು, ತಿಂದಳು, ಜನರನ್ನು ಬೈದಳು. ಆದರೆ ಗಾಳಿಗೆ ಬಾಗಿಲು ಬಡಿದಾಗೆಲ್ಲ ಎಲ್ಲೋ ಹೆಸರಿಲ್ಲದ ನೀರಿನ ಮೇಲೆ ಆ ಸಣ್ಣ ಎದೆ ಪಟಪಟ ಹೊಡೆಯುವುದು ಬೆರಳ ತುದಿಗೆ ತಾಗುತ್ತಿತ್ತು. ಹಳದಿ ಉಂಗುರದ್ದು ಬರದೇ ಹೋದರೆ ಸಾಕು, ಸತ್ತರೆ ಯಾರಿಗೂ ತಿಳಿಯುವುದಿಲ್ಲ ಎಂದು ಒಮ್ಮೆ ಯೋಚನೆ ಬಂತು. ಯೋಚನೆ ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಬೇಸಿಗೆ ಬಂತು. ಜೊಂಡಿನಲ್ಲಿ ಕಳ್ಳರ ದನಿ ಶುರುವಾಯಿತು. ಪುಟ್ಟಿ ದಿನಾ ದೋಣಿಯಲ್ಲಿ ಹೋಗಿ ದುರ್ಬೀನು ಕಣ್ಣಿಗೊತ್ತಿ ಕೂತಳು. ಉಂಗುರ ಹಾಕಿದ ಹಕ್ಕಿ ಒಂದೂ ಕಾಣಲಿಲ್ಲ. ದಿನ ಕಳೆದಂತೆ ಹುಡುಗಿಯ ಮುಖ ಸಣ್ಣದಾಯಿತು. ದೋಣಿ ನಡೆಸುವವನು ಒಳ್ಳೆಯ ಮನುಷ್ಯ, ಮಾತು ಮಾತ್ರ ಜಾಸ್ತಿ. "ಬರ್ತಾವೆ ಬಿಡಮ್ಮ, ಕಳ್ಳ ಅಂದಮೇಲೆ ಹೇಳಿ ಬರ್ತಾನಾ?" ಎಂದು ದಿನಕ್ಕೊಂದು ಸಲ ಹೇಳುತ್ತಿದ್ದ. ಅವನ ಮಾತಿಗೆ ನಗುವವರು ಯಾರೂ ಇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಪುಟ್ಟಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಮೊಣಕಾಲವರೆಗೆ ಕೆಸರು. ಹೊಸಿಲು ದಾಟಿ ಒಳಗೆ ಬರಲಿಲ್ಲ.

"ಒಂದು ಬಂದಿದೆ. ಹಳದಿ."

ಕತ್ತರಿಯಮ್ಮನ ಕೈಯಿಂದ ಸೀಮೆಸುಣ್ಣ ಜಾರಿತು.

"ಯಂತ್ರ ಹೊಟ್ಟೆ ಕೆಳಗೆ ಜೋಲ್ತಾ ಇದೆ ದೊಡ್ಡಮ್ಮ. ಒಂದು ಕಾಲು ಕುಣಿಕೇಲಿ ಸಿಕ್ಕಿದೆ. ಜೊಂಡಿನ ಮೇಲೆ ನೆಟ್ಟಗೆ ಕೂರೋಕೆ ಆಗ್ತಿಲ್ಲ, ಹುಳ ಹಿಡಿಯೋಕೆ ಆಗ್ತಿಲ್ಲ. ಹೆಚ್ಚು ದಿನ ಉಳಿಯಲ್ಲ. ನನ್ನ ಅಳತೆ ತಪ್ಪು. ಬಾಕಿ ಹಕ್ಕಿಗಳೂ ಹೀಗೇ ಎಲ್ಲೋ ಸಿಕ್ಕಿಕೊಂಡು ಸತ್ತಿರ್ಬೇಕು, ಅದಕ್ಕೇ ಬಂದಿಲ್ಲ. ಇದನ್ನ ಹಿಡಿದು ಬಿಡಿಸ್ತೀನಿ. ಆಮೇಲೆ ಯಂತ್ರ ಕೊಟ್ಟ ಕಚೇರಿಗೆ ಹೇಳಿ ಎಲ್ಲಾ ನಿಲ್ಲಿಸಿಬಿಡ್ತೀನಿ. ಹಕ್ಕಿ ಕೊಂದು ಹಕ್ಕಿ ಉಳಿಸೋ ಕೆಲಸ ನನಗೆ ಬೇಡ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ ಹೊರಗೆ ಬಂದದ್ದು "ನಾನೂ ಬರ್ತೀನಿ, ಇರು" ಎಂಬುದಷ್ಟೇ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೂವರೂ ಜೌಗಿನೊಳಗಿದ್ದರು. ಎರಡು ಜೊಂಡಿನ ಗೋಡೆಗಳ ನಡುವಿನ ಕಿರಿದಾದ ನೀರಿಗೆ ಅಡ್ಡಲಾಗಿ ತೆಳು ಬಲೆ ಕಟ್ಟಿದ್ದರು. ಬಲೆಯ ಆ ತುದಿಯಲ್ಲಿ, ಗಟ್ಟಿ ದಿಬ್ಬದ ಮೇಲೆ ಪುಟ್ಟಿ. ಈ ತುದಿಯಲ್ಲಿ ದೋಣಿ, ದೋಣಿಯ ಮೂತಿಯಲ್ಲಿ ಕತ್ತರಿಯಮ್ಮ, ಹಿಂದೆ ಉದ್ದನೆಯ ಬಿದಿರ ಗಳು ಹಿಡಿದ ದೋಣಿಯವನು. ಇನ್ನೊಂದು ಗಂಡು ಜೊಂಡುಗಳ್ಳನ ದನಿಯನ್ನು ಪುಟ್ಟಿ ಸಣ್ಣ ಪೆಟ್ಟಿಗೆಯಿಂದ ಕೇಳಿಸುತ್ತಿದ್ದಳು, ಜಗಳಕ್ಕಾದರೂ ಬರಲಿ ಎಂದು.

"ಇವತ್ತು ಗಾಳಿ ಇಲ್ಲ, ನೋಡ್ತಾ ಇರಿ" ಎಂದ ದೋಣಿಯವನು. ಅವನು ಬಾಯಿ ಮುಚ್ಚುವುದರೊಳಗೆ ಗಾಳಿ ಎದ್ದಿತು. ಬಲೆ ಉಬ್ಬಿ ಬಿಸಿಲಿಗೆ ಹೊಳೆಯಿತು. ಕಣ್ಣಿಗೆ ಕಾಣುವ ಬಲೆಗೆ ಯಾವ ಹಕ್ಕಿ ಬೀಳುತ್ತದೆ? ಪುಟ್ಟಿ ದೂರದಿಂದಲೇ ಕೈ ಎತ್ತಿ ತಡೆಯಿರಿ ಎಂದಳು. ಕಾದರು. ಮೇಲೆ ಒಂದು ಗಿಡುಗ ಜೊಂಡಿನ ತುದಿ ಸವರುವಷ್ಟು ಕೆಳಗೆ ಸುತ್ತತೊಡಗಿತು. ನೆಟ್ಟಗೆ ಕೂರಲಾರದ ಹಕ್ಕಿ ಯಾವುದೆಂದು ಗಿಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಳ್ಳ ಬಂದ. ಜೊಂಡಿನಿಂದ ಜೊಂಡಿಗೆ, ಒಂದು ಕಡೆಗೆ ವಾಲಿಕೊಂಡು, ಹೊಟ್ಟೆಯ ಕೆಳಗೆ ಆ ಬಟಾಣಿಯನ್ನು ಜೋಲಾಡಿಸಿಕೊಂಡು. ಬಲೆಯ ಹತ್ತಿರ ಬಂದವನು ಅದು ಅಲುಗಿದ್ದನ್ನು ಕಂಡು ತಟ್ಟನೆ ತಿರುಗಿದ. ಜೋಲುವ ಕುಣಿಕೆ ಮುರಿದ ಜೊಂಡಿನ ಮೊನೆಗೆ ಸಿಕ್ಕಿತು. ಹಕ್ಕಿ ತಲೆಕೆಳಗಾಗಿ ನೇತುಬಿದ್ದು ರೆಕ್ಕೆ ನೀರಿಗೆ ಬಡಿಯತೊಡಗಿತು.

"ಹೋಗು, ಹೋಗು!" ಕತ್ತರಿಯಮ್ಮ ಕಿರುಚಿದಳು. ದೋಣಿಯವನು ಗಳು ಊರಿದ. ದೋಣಿ ಒಂದು ಮಾರು ಮುಂದೆ ಹೋಗಿ ಕೆಸರಿಗೆ ಕಚ್ಚಿಕೊಂಡಿತು. ಹಕ್ಕಿ ಇನ್ನೂ ಕೈಗೆ ಎಟುಕದ ದೂರದಲ್ಲಿತ್ತು. ಅವಳು ಒಂದು ಕಾಲು ಹೊರಗಿಟ್ಟಳು.

"ಅಕ್ಕಾ, ಇಳೀಬೇಡಿ! ಅಲ್ಲಿ ಕೆಸರು ಆಳನ್ನೇ ನುಂಗುತ್ತೆ!"

"ಹಾಗಾದ್ರೆ ನನ್ನ ಕಾಲು ಹಿಡ್ಕೋ."

ಅವಳು ದೋಣಿಯ ಮೂತಿಯ ಮೇಲೆ ಬೋರಲು ಬಿದ್ದು ಸೊಂಟದವರೆಗೆ ಹೊರಗೆ ಚಾಚಿದಳು. ಅವನು ಗಳು ಬಿಸಾಕಿ ಅವಳ ಎರಡೂ ಕಾಲನ್ನು ತಬ್ಬಿ ಕೂತ. ಗಿಡುಗ ಇನ್ನೊಂದು ಸುತ್ತು ತಗ್ಗಿಗೆ ಬಂತು. ಎಡಗೈಗೆ ಹಕ್ಕಿ ಸಿಕ್ಕಿತು, ಒದ್ದೆ, ಬೆಚ್ಚಗೆ, ತೂಕವೇ ಇಲ್ಲ. ಬಲಗೈ ಕೊರಳ ಕತ್ತರಿಗೆ ಹೋಯಿತು.

"ಎಳೆ ಕತ್ತರಿಸ್ಬೇಡ ದೊಡ್ಡಮ್ಮ!" ಆ ಕಡೆಯಿಂದ ಪುಟ್ಟಿ ಕೂಗಿದಳು. "ಯಂತ್ರ ನೀರಿಗೆ ಬೀಳುತ್ತೆ!"

ಅಂದರೆ ಜೊಂಡನ್ನೇ ಕತ್ತರಿಸಬೇಕು. ದಾರಕ್ಕೆಂದು ಮಾಡಿದ ಕತ್ತರಿ ಜೊಂಡಿನ ದಂಟನ್ನು ಕಡಿಯಲಿಲ್ಲ, ಅಗಿಯಿತು. ಒಂದು ಕಚ್ಚು, ಇನ್ನೊಂದು, ಮತ್ತೊಂದು. ನೀರು ಅವಳ ಗಲ್ಲಕ್ಕೆ ಬಂತು. ಅಂಗೈಯಲ್ಲಿ ಆ ಪಟಪಟ ನಿಧಾನವಾಗುತ್ತಿದೆ ಎನ್ನಿಸಿತು. "ಬೇಡಪ್ಪಾ, ಬೇಡ, ತಡಿ" ಎಂದು ಹಕ್ಕಿಗೋ ಕತ್ತರಿಗೋ ಹೇಳುತ್ತಲೇ ಇದ್ದಳು. ದಂಟು ಕೊನೆಗೂ ಮುರಿಯಿತು.

ದೋಣಿಯವನು ಜೊಂಡು ಹಿಡಿದು ಜಗ್ಗಿ ದೋಣಿಯನ್ನು ದಿಬ್ಬಕ್ಕೆ ತಂದ. ಅಲ್ಲಿ ಪುಟ್ಟಿ ಹಕ್ಕಿಯನ್ನು ಹಿಡಿದಳು, ದೊಡ್ಡಮ್ಮ ಕುಣಿಕೆ ಬಿಡಿಸಿದಳು. ತೊಡೆಯಲ್ಲಿ ಕೆಂಪಗೆ ಗಾಯದ ಗೆರೆ ಬಿದ್ದಿತ್ತು, ಮೂಳೆ ನೆಟ್ಟಗಿತ್ತು. ಪುಟ್ಟಿ ಕೈ ಬಿಚ್ಚಿದಳು. ಕಳ್ಳ ಅಂಗೈಯಲ್ಲೇ ಒಂದು ಗಳಿಗೆ ಕೂತು ಜೊಂಡಿನೊಳಕ್ಕೆ ನುಗ್ಗಿಬಿಟ್ಟ.

ದೋಣಿಯವನು ಗಳು ಹುಡುಕಿಕೊಂಡು ಹೋದ. ಪುಟ್ಟಿ ಯಂತ್ರವನ್ನು ಜೇಬಿಗೆ ಹಾಕಿ, ಕುಣಿಕೆಯನ್ನು ಅಂಗೈಯಲ್ಲಿ ಹರಡಿ ನೋಡಿದಳು. ಮುಖದಲ್ಲಿ ಸಣ್ಣ ಆಸೆಯೊಂದು ಮಿನುಗಿತು.

"ದಾರ ಜಗ್ಗಿದೆ ಅಲ್ವಾ ದೊಡ್ಡಮ್ಮ? ಬಿಸಿಲಿಗೆ, ಉಪ್ಪುನೀರಿಗೆ? ನೀನೇ ಹೇಳು. ದಾರದ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇಲ್ಲಿ ಯಾರೂ ಕಳ್ಳ ಅನ್ನಲಿಲ್ಲ, ತಪ್ಪಿಸಿಕೊಳ್ಳುವ ಬಾಗಿಲನ್ನೇ ತೆರೆದುಕೊಟ್ಟಿದ್ದರು. ಹೌದು, ದಾರ ಜಗ್ಗಿದೆ ಅಂದರೆ ಮುಗಿಯಿತು. ಹುಡುಗಿ ತನ್ನನ್ನು ಬೈದುಕೊಳ್ಳುವುದು ನಿಲ್ಲುತ್ತದೆ. ದೊಡ್ಡಮ್ಮ ದೊಡ್ಡಮ್ಮನಾಗಿಯೇ ಉಳಿಯುತ್ತಾಳೆ. ಆದರೆ ಆ ದಾರವನ್ನೇ ನಂಬಿ ಕಟ್ಟಿದ ಕೆಲಸವೆಲ್ಲ ಇವತ್ತಿಗೆ ನಿಲ್ಲುತ್ತದೆ. ಅವಳು ಕುಣಿಕೆಯನ್ನು ಎರಡು ಬೆರಳಿಗೆ ಹಾಕಿ ಎಳೆದು ನೋಡಿದಳು, ನೋಡುವ ಅಗತ್ಯವಿಲ್ಲದಿದ್ದರೂ.

"ಜಗ್ಗಿಲ್ಲ" ಎಂದಳು. "ನಾನು ಬಿಟ್ಟಿದ್ದು."

"ಏನು?"

"ಇದೊಂದಕ್ಕೆ ಸಡಿಲ ಬಿಟ್ಟು ಕಟ್ಟಿದೆ. ಮೈ ಎರಡರಷ್ಟಾಗುತ್ತೆ ಅಂದೆಯಲ್ಲ, ಪಾಪ ಚಿಕ್ಕದು ಅಂತ... ಬಾಕಿ ಎಲ್ಲಾ ಮೊಳೆ ಅಳತೇನೇ. ನಿನ್ನ ಅಳತೆ ತಪ್ಪಿಲ್ಲ ಪುಟ್ಟಿ. ಕೆಲಸ ನಿಲ್ಲಿಸ್ಬೇಡ."

"ಯಾವಾಗಿಂದ ಗೊತ್ತು ನಿನಗೆ?"

"ಚಳಿಗಾಲದಿಂದ."

ಪುಟ್ಟಿ ಕುಣಿಕೆಯನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು ಜೇಬಿಗೆ ಹಾಕಿದಳು. ಆಮೇಲೆ, ಹುಟ್ಟಿದಂದಿನಿಂದ ಮೊದಲ ಸಲ ದೊಡ್ಡಮ್ಮನನ್ನು "ನೀವು" ಎಂದಳು.

"ನನಗೆ ಒಂದು ದಿನವಾದ್ರೂ ಮೈಗೆ ಸರಿಯಾಗಿರೋ ಬಟ್ಟೆ ಹಾಕಿದ್ದೀರಾ ನೀವು? ಯಾವಾಗ್ಲೂ ಮುಂದಿನ ವರ್ಷಕ್ಕೆ ಅಂತ ಹೊಲಿದ್ರಿ. ಮುಂದಿನ ವರ್ಷ ಬರೋ ಹೊತ್ತಿಗೆ ಅದು ಹಳೇದಾಗಿತ್ತು. ಗೆರೆಲಂಗ ಅಂತ ಕರೀತಿದ್ರು ನನ್ನ. ಗೊತ್ತಿತ್ತಾ? ಕೇಳಿದ್ರಾ ಒಂದು ಸಲ?"

ಕೇಳಿರಲಿಲ್ಲ. ಬಟ್ಟೆ ಸಾಲದೆ ಹೋದೀತೆಂಬ ಭಯದಲ್ಲೇ ಅಂಚು ಬಿಡುತ್ತ ಬಂದ ಕತ್ತರಿಯಮ್ಮ, ಬಟ್ಟೆಯೊಳಗಿದ್ದ ಮಗುವಿನ ಮುಖವನ್ನು ನೋಡಿರಲೇ ಇಲ್ಲ. ದೋಣಿಯವನು ವಾಪಸ್ ಬಂದು ಏನೋ ತಮಾಷೆ ಶುರುಮಾಡಿ, ಇಬ್ಬರ ಮುಖ ನೋಡಿ ನಿಲ್ಲಿಸಿದ.

ಅದಾದ ಮೇಲೆ ಪುಟ್ಟಿ ಅಂಗಡಿಗೆ ಬರುವುದನ್ನು ಬಿಟ್ಟಳು. ಸುದ್ದಿ ಬರುತ್ತಿದ್ದದ್ದು ದೋಣಿಯವನಿಂದ. ಬೆನ್ನಿಗೆ ಅಂಟಿದ ಹಾಗೆ ಯಂತ್ರ ಹೊತ್ತುಕೊಂಡು ನೀಲಿ ಉಂಗುರದ್ದೊಂದು ತಡವಾಗಿ ಬಂತಂತೆ, ಬಲೆಗೂ ಬಿತ್ತಂತೆ, ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. "ಅಳತೆ ಸರಿ ಇತ್ತಂತೆ ಅಕ್ಕ. ಕೆಲಸ ನಿಲ್ಲಲ್ಲವಂತೆ" ಎಂದ. ಕತ್ತರಿಯಮ್ಮ ಹೊಲಿಗೆ ಯಂತ್ರದ ಕಡೆ ತಿರುಗಿ ಕೂತು ಅತ್ತಳು. ಎಷ್ಟೋ ಹೊತ್ತು ಅವಳು ಹೊಲಿಯುತ್ತಿದ್ದಾಳೆ ಎಂದೇ ಅವನು ಅಂದುಕೊಂಡಿದ್ದ.

ಹಕ್ಕಿಗಳು ಹೊರಡುವ ಕಾಲ ಹತ್ತಿರವಾದಾಗ ಪುಟ್ಟಿ ಬಂದಳು. ಮೇಜಿನ ಮೇಲೆ ಒಂದು ನಕ್ಷೆ ಬಿಡಿಸಿಟ್ಟಳು. ನೀಲಿ ಗೆರೆಯೊಂದು ಜೌಗಿನಿಂದ ಹೊರಟು, ಬೆಟ್ಟ ದಾಟಿ, ಸಮುದ್ರ ದಾಟಿ, ದೊಡ್ಡ ನದಿಯೊಂದರ ಬಾಯಿಯ ಜೌಗಿನಲ್ಲಿ ನಿಂತು ಮತ್ತೆ ಮನೆಗೆ ಬಂದಿತ್ತು. ಪಕ್ಕದಲ್ಲೇ ಹಳದಿ ಗೆರೆ. ಅದು ಸಮುದ್ರದ ದಂಡೆಯಲ್ಲಿ ನಿಂತುಬಿಟ್ಟಿತ್ತು.

"ಇಲ್ಲಿಂದ ಮುಂದೆ?"

"ಇಲ್ಲಿ ಯಂತ್ರ ಜಾರಿ ಹೊಟ್ಟೆ ಕೆಳಗೆ ಬಂದಿದೆ. ಗರಿ ಮುಚ್ಕೊಂಡಿದೆ. ಬರೀ ಕತ್ತಲೆ."

ಕತ್ತರಿಯಮ್ಮ ಆ ದಂಡೆಯ ಮೇಲೆ ಬೆರಳಿಟ್ಟಳು. ಇಲ್ಲಿಂದಾಚೆ ಅಷ್ಟು ನೀರು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಒಂದು ಕಾಲು ಕಟ್ಟಿಹಾಕಿದ ಹಾಗೆ. ಪಾಪ ಚಿಕ್ಕದು ಎಂದು ತಾನು ಮಾಡಿದ್ದನ್ನು ಅದು ಅಷ್ಟು ದೂರ ಹೊತ್ತಿತ್ತು.

"ಕಟ್ಟೋದು ನಾನೇ" ಎಂದಳು ಪುಟ್ಟಿ, ನಕ್ಷೆ ಮಡಿಸುತ್ತ. "ಕಲ್ತಿದ್ದೀನಿ. ಹಿಡ್ಕೊಳ್ಳೋಕೆ ಒಂದು ಕೈ ಬೇಕು. ಬರ್ತೀಯಾ?"

ಬರ್ತೀಯಾ ಎಂದಳು, ಬರ್ತೀರಾ ಎನ್ನಲಿಲ್ಲ. ಕತ್ತರಿಯಮ್ಮ ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಹೊರಟಳು.

ಜೌಗಿನ ದಿಬ್ಬದ ಮೇಲೆ ಹಕ್ಕಿ ಅವಳ ಎರಡು ಬೆರಳ ನಡುವೆ ಕತ್ತು ಇಟ್ಟು ಮಲಗಿತ್ತು. ಈ ವರ್ಷ ಹುಟ್ಟಿದ್ದು, ಬಡಕಲು, ಎದೆ ಪಟಪಟ ಹೊಡೆಯುತ್ತಿತ್ತು. ಪುಟ್ಟಿ ಕುಣಿಕೆ ಏರಿಸಿ ಗಂಟಿನ ಹತ್ತಿರ ಬಂದವಳು ನಿಂತುಬಿಟ್ಟಳು. ಮೊಳೆಯ ಅಳತೆಗೆ ಹಾಕಿದ ಗುರುತು ಎಳೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಗಂಟು ಆ ಗುರುತಿಗಿಂತ ಒಂದು ಚೂರು ಈಚೆಗೆ, ಸಡಿಲವಾಗಿ ನಿಂತಿತ್ತು.

"ಎಷ್ಟು ಸಣ್ಣದು ದೊಡ್ಡಮ್ಮ ಇದು" ಎಂದಳು ಪಿಸುದನಿಯಲ್ಲಿ.

ಕತ್ತರಿಯಮ್ಮ ಹಕ್ಕಿಯ ಮೇಲಿಂದ ಕಣ್ಣೆತ್ತಿ ಹುಡುಗಿಯ ಮುಖವನ್ನೇ ನೋಡಿದಳು.

"ಗುರುತಿನ ತನಕ ಎಳಿ" ಎಂದಳು. "ಇನ್ನೂ ಸ್ವಲ್ಪ. ಹೆದರಬೇಡ ಪುಟ್ಟಿ, ನಾನು ಹಿಡ್ಕೊಂಡಿದ್ದೀನಿ. ಬಿಗಿ ಮಾಡು."